ಅವಧಾನವೂ ಅತಿಭಾರವೂ

ಜೈನ ಶ್ರಾವಕನ ದಿನಚರಿಯಲ್ಲಿ ಎಚ್ಚರಕ್ಕೆ ಇರುವ ಸ್ಥಾನ ಬಹಳ ಹಳೆಯದು. ನೀರನ್ನು ಸೋಸಿ ಕುಡಿಯುವುದು, ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವುದು, ಧಾನ್ಯವನ್ನು ಆರಿಸಿ ಬಳಸುವುದು, ಪಾತ್ರೆಯೊಂದನ್ನು ಎತ್ತಿಡುವಾಗಲೂ ಅಲ್ಲಿ ಜೀವವಿದೆಯೇ ಎಂದು ನೋಡುವುದು ಇವೆಲ್ಲವೂ ಒಂದೇ ಶೀಲದ ಹಲವು ಮುಖಗಳು. ಶಾಸ್ತ್ರಕಾರರು ಅದನ್ನು ಯತ್ನಾಚಾರವೆಂದು ಕರೆದರು. ಅದರ ಅಭಾವವನ್ನು ಪ್ರಮಾದವೆಂದರು. ಮನೆಯ ಹೆಣ್ಣುಮಕ್ಕಳು ಶಾಸ್ತ್ರದ ಹೆಸರು ಹೇಳದೆಯೇ ಇದನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ.

ಇದೇ ಎಚ್ಚರ ಈಗ ಇನ್ನೊಂದು ಹೆಸರು ತೊಟ್ಟು, ಇನ್ನೊಂದು ಬಾಗಿಲಿನಿಂದ ಶ್ರಾವಕರ ಮನೆಗಳನ್ನು ಪ್ರವೇಶಿಸುತ್ತಿದೆ. ಗೋಕಾಕ ತಾಲೂಕಿನ ಅಂಕಲಗಿಯಂಥ ಊರುಗಳಿಂದ ಬೆಳಗಾವಿ, ಪುಣೆ, ಬೆಂಗಳೂರುಗಳಿಗೆ ನೌಕರಿಗೆಂದು ಹೋದ ಮಕ್ಕಳು ರಜೆಗೆ ಬಂದಾಗ ‘ಮೈಂಡ್‌ಫುಲ್‌ನೆಸ್’ ಎಂಬ ಮಾತನ್ನು ಆಡುತ್ತಾರೆ. ಕಂಪನಿಯವರೇ ತರಬೇತಿ ಕೊಡಿಸುತ್ತಾರೆ. ಹತ್ತು ನಿಮಿಷ ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಡುವುದು, ಮನಸ್ಸು ಬೇರೆಡೆಗೆ ಓಡಿದರೆ ಬೇಸರಿಸದೆ ಹಿಂದಕ್ಕೆ ಕರೆತರುವುದು, ಸಿಟ್ಟು ಬಂದಾಗ ಬಂದಿದೆಯೆಂದು ಗುರುತಿಸುವುದು ಅದರ ಪಾಠ. ಇದನ್ನು ಕೇಳಿದ ಹಿರಿಯರು, ‘ಇದು ಸಾಮಾಯಿಕವೇ ಅಲ್ಲವೇ?’ ಎಂದು ಸಂತೋಷಪಡುವುದು ಸಹಜ. ಆ ಸಂತೋಷಕ್ಕೆ ಆಧಾರವೂ ಇದೆ. ಆದರೆ ವರ್ತಕನಾದವನು ಸರಕನ್ನು ಒಳಗೆ ತೆಗೆದುಕೊಳ್ಳುವ ಮೊದಲು ಚೀಟಿಯನ್ನು ಓದಿ, ತೂಕವನ್ನು ತಾಳೆ ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ ಉಚಿತವೆನಿಸುತ್ತದೆ.

ಕೆಲಸದ ಸ್ಥಳಕ್ಕೆ ಧ್ಯಾನ ಬಂದ ಕಥೆ ಅಮೆರಿಕದಿಂದ ಆರಂಭವಾಯಿತೆಂದು ಬಹಳ ಮಂದಿ ತಿಳಿದಿದ್ದಾರೆ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬುವರು ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಎಂಟು ವಾರಗಳ ಶಿಕ್ಷಣವನ್ನು ರೂಪಿಸಿದರು. ಆಸ್ಪತ್ರೆಯಿಂದ ಅದು ಕಚೇರಿಗಳಿಗೆ ಹರಡಿತು. 2007ರಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರ್ ಚೇಡ್-ಮೆಂಗ್ ಟಾನ್ ತಮ್ಮ ಸಹೋದ್ಯೋಗಿಗಳಿಗೆ ಇಂಥ ವರ್ಗವನ್ನು ಆರಂಭಿಸಿದ ಮೇಲೆ ದೊಡ್ಡ ಕಂಪನಿಗಳೆಲ್ಲ ಅದೇ ಹಾದಿ ಹಿಡಿದವು. ಭಾರತ ಸರ್ಕಾರದ ಆಯುಷ್ ಸಚಿವಾಲಯವು 2021ರಲ್ಲಿ ನೌಕರರಿಗಾಗಿ ಐದು ನಿಮಿಷಗಳ ಯೋಗ ವಿರಾಮದ ಕ್ರಮವೊಂದನ್ನು ಪ್ರಚಾರಕ್ಕೆ ತಂದಿತು.

ಆದರೆ ಇದಕ್ಕಿಂತ ಬಹು ಹಿಂದೆ, ಪೂರ್ವ ದೇಶದ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಇದು ನಡೆದಿತ್ತು. ಲೆಕ್ಕ ಬರೆಯುವ ಕುಲದವರಿಗೆ ಆ ಸಂಗತಿ ವಿಶೇಷ ರುಚಿಸಬೇಕು. ಬರ್ಮಾ ದೇಶ 1948ರ ಜನವರಿ 4ರಂದು ಸ್ವತಂತ್ರವಾದಾಗ ಅದರ ಮಹಾಲೇಖಪಾಲರಾಗಿ, ಅಂದರೆ ಅಕೌಂಟೆಂಟ್ ಜನರಲ್ ಆಗಿ, ನೇಮಕಗೊಂಡವರು ಊ ಬಾ ಖಿನ್. ಅವರು ಗೃಹಸ್ಥರು, ವಿಪಶ್ಯನ ಸಾಧಕರು. 1950ರಲ್ಲಿ ತಮ್ಮ ಕಚೇರಿಯ ನೌಕರರಿಗಾಗಿ ಅಲ್ಲಿಯೇ ಒಂದು ವಿಪಶ್ಯನ ಸಂಘವನ್ನು ಕಟ್ಟಿದರು. 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರವೊಂದು ತಲೆಯೆತ್ತಿತು. ಗಮನಿಸಬೇಕಾದ ಮಾತೆಂದರೆ, ಆ ಕಚೇರಿಯಲ್ಲಿ ಮೊದಲು ಕಣ್ಣು ಮುಚ್ಚಿ ಕುಳಿತವನು ಕೆಳಗಿನ ಗುಮಾಸ್ತನಲ್ಲ, ಕಚೇರಿಯ ಮುಖ್ಯಾಧಿಕಾರಿ.

ಅವರ ಶಿಷ್ಯರಲ್ಲಿ ಒಬ್ಬರು ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ಮಾರವಾಡಿ ವರ್ತಕ ಸತ್ಯನಾರಾಯಣ ಗೋಯೆಂಕಾ. ವ್ಯಾಪಾರದ ಒತ್ತಡದ ನಡುವೆ ಭಯಂಕರ ಅರೆತಲೆನೋವಿಗೆ ಸಿಕ್ಕಿ, ಅನೇಕ ದೇಶಗಳ ವೈದ್ಯರನ್ನು ಕಂಡು ಸೋತು, 1955ರಲ್ಲಿ ಅವರು ಊ ಬಾ ಖಿನ್ ಅವರ ಬಳಿಗೆ ಹೋದರು. ಬರಿಯ ತಲೆನೋವಿನ ಪರಿಹಾರಕ್ಕಾಗಿ ಬಂದಿದ್ದರೆ ಧರ್ಮವನ್ನು ಅಷ್ಟು ಅಗ್ಗವಾಗಿ ಕೊಡಲಾರೆನೆಂದು ಗುರುಗಳು ಮೊದಲು ನಿರಾಕರಿಸಿದರೆಂಬುದನ್ನು ಗೋಯೆಂಕಾ ಅವರೇ ಮುಂದೆ ಹೇಳುತ್ತಿದ್ದರು. ಚಿತ್ತಶುದ್ಧಿಯೇ ಗುರಿಯಾಗಬೇಕು, ತಲೆನೋವು ಹೋದರೆ ಅದು ಉಪಲಾಭ ಎಂಬುದು ಆ ಗುರುಗಳ ನಿಲುವಾಗಿತ್ತು. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದು ಈ ಸಾಧನೆಯನ್ನು ದೇಶದ ತುಂಬ ಹರಡಿದರು.

ಜೈನರಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಆಚಾರ್ಯ ತುಲಸಿಯವರು 1949ರಲ್ಲಿ ಆರಂಭಿಸಿದ ಅಣುವ್ರತ ಆಂದೋಲನವು ವರ್ತಕನಿಗೂ ನೌಕರನಿಗೂ ಅವರವರ ವೃತ್ತಿಗೆ ತಕ್ಕ ಚಿಕ್ಕ ಚಿಕ್ಕ ನಿಯಮಗಳನ್ನು ಕೊಟ್ಟಿತು. ಅವರ ಶಿಷ್ಯರೂ ಮುಂದೆ ಆಚಾರ್ಯರೂ ಆದ ಮಹಾಪ್ರಜ್ಞರು 1975ರಲ್ಲಿ ಪ್ರೇಕ್ಷಾ ಧ್ಯಾನವೆಂಬ ಹೆಸರಿನಲ್ಲಿ ಕಾಯೋತ್ಸರ್ಗ, ಶ್ವಾಸದ ನಿರೀಕ್ಷಣೆ, ಶರೀರದ ನಿರೀಕ್ಷಣೆ, ಅನುಪ್ರೇಕ್ಷೆ ಮೊದಲಾದವನ್ನು ಕ್ರಮಬದ್ಧವಾಗಿ ಜೋಡಿಸಿದರು. ಇಲ್ಲಿ ಒಂದು ಕ್ರಮವನ್ನು ಕಾಣಬಹುದು. ವ್ರತ ಮೊದಲು ಬಂದಿತು, ಧ್ಯಾನ ಅದರ ನಂತರ ಬಂದಿತು. ಎರಡರ ನಡುವೆ 26 ವರ್ಷಗಳ ಅಂತರವಿದೆ. ಇಂದಿನ ಕಂಪನಿಗಳ ತರಬೇತಿಯಲ್ಲಿ ಧ್ಯಾನವಿದೆ. ವ್ರತದ ಮಾತು ಕಾಣುವುದಿಲ್ಲ.

ಹಾಗಾದರೆ ಜೈನ ಶಾಸ್ತ್ರದ ಅವಧಾನಕ್ಕೂ ಈ ತರಬೇತಿಯ ಅವಧಾನಕ್ಕೂ ಸಂಬಂಧವೇನು? ಶಬ್ದದ ಮಟ್ಟದಲ್ಲಿ ಸಂಬಂಧ ಬಹು ಹತ್ತಿರದ್ದು. ಬೌದ್ಧರು ಈ ಸಾಧನೆಯನ್ನು ಸ್ಮೃತ್ಯುಪಸ್ಥಾನವೆಂದು ಕರೆದರು. ಸ್ಮೃತಿಯನ್ನು ಎದುರಿಗೆ ನಿಲ್ಲಿಸಿಕೊಳ್ಳುವುದೆಂದು ಅದರ ಭಾವ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸಾಮಾಯಿಕ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಮನಸ್ಸು, ಮಾತು, ದೇಹಗಳ ದುಷ್ಪ್ರವೃತ್ತಿ ಮತ್ತು ಅನಾದರಗಳ ಜೊತೆಗೆ ಸ್ಮೃತ್ಯನುಪಸ್ಥಾನವನ್ನೂ ಎಣಿಸಿದ್ದಾರೆ. ಅದೇ ಪದ, ನಿಷೇಧ ರೂಪದಲ್ಲಿ. ಒಂದು ಮುಹೂರ್ತ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಕುಳಿತವನ ಸ್ಮೃತಿ ಜಾರಿದರೆ ವ್ರತಕ್ಕೆ ಕಲೆ ತಗುಲುತ್ತದೆ. ಆದ್ದರಿಂದ ಹಿರಿಯರು ಈ ತರಬೇತಿಯಲ್ಲಿ ಸಾಮಾಯಿಕದ ಗುರುತು ಕಂಡದ್ದು ತಪ್ಪಲ್ಲ.

ವ್ಯತ್ಯಾಸವಿರುವುದು ಉದ್ದೇಶದಲ್ಲಿ. ಮುನಿಗಳು ಪಾಲಿಸುವ ಐದು ಸಮಿತಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈರ್ಯಾ ಸಮಿತಿಯಲ್ಲಿ ನೆಲ ನೋಡಿ ನಡೆಯುವುದು ನಡೆಯುವವನ ಕಾಲಿಗೆ ಮುಳ್ಳು ಚುಚ್ಚಬಾರದೆಂದು ಅಲ್ಲ, ಕಾಲಡಿಯ ಜೀವಕ್ಕೆ ನೋವಾಗಬಾರದೆಂದು. ಭಾಷಾ ಸಮಿತಿಯಲ್ಲಿ ಮಾತನ್ನು ಅಳೆದು ಆಡುವುದು ಕೇಳುವವನ ಮನಸ್ಸಿಗಾಗಿ. ವಸ್ತುವನ್ನು ನೋಡಿ ಎತ್ತುವ, ನೋಡಿ ಇಡುವ ಆದಾನ-ನಿಕ್ಷೇಪಣ ಸಮಿತಿಯೂ ಹಾಗೆಯೇ. ಈ ಎಲ್ಲ ಕಡೆಗಳಲ್ಲಿ ಗಮನದ ದೃಷ್ಟಿ ಹೊರಗಿನ ಜೀವದ ಮೇಲಿದೆ. ಸಾಧಕನಿಗೆ ಶಾಂತಿ ದೊರೆಯುತ್ತದೆ, ಆದರೆ ಆ ಜೀವವನ್ನು ಕಾಯ್ದುದರ ಫಲವಾಗಿ ದೊರೆಯುತ್ತದೆ. ಪ್ರಮಾದಕ್ಕೂ ಹಿಂಸೆಗೂ ಶಾಸ್ತ್ರ ಗಂಟು ಹಾಕಿರುವುದು ಈ ಕಾರಣದಿಂದಲೇ. ಗಮನ ತಪ್ಪಿದವನು ಯಾರನ್ನಾದರೂ ನೋಯಿಸುತ್ತಾನೆ, ಅಥವಾ ನೋಯಿಸುವ ಸ್ಥಿತಿಯಲ್ಲಿ ಇರುತ್ತಾನೆ.

ಈ ಅಳತೆಗೋಲನ್ನು ಹಿಡಿದು ನೋಡಿದಾಗ ಕೆಲಸದ ಸ್ಥಳದ ತರಬೇತಿಯ ಬಗೆಗೆ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿ ಎಚ್ಚರವನ್ನು ಕಲಿಯಬೇಕಾದವನು ಯಾರು? ಭಾರ ಹೊರುವವನೇ, ಹೊರಿಸುವವನೇ?

ಅಂಕಲಗಿಯ ವರ್ತಕ ಮನೆತನವೊಂದರ ಮೊಮ್ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗಿಯಾಗಿದ್ದಾಳೆ. ದಶಲಕ್ಷಣ ಪರ್ವಕ್ಕೆ ಊರಿಗೆ ಬಂದಾಗ ತನಗೆ ದೊರೆತ ತರಬೇತಿಯನ್ನು ಅಜ್ಜನಿಗೆ ವಿವರಿಸಿದಳು. ತರಬೇತಿ ಒಳ್ಳೆಯದಾಗಿತ್ತು, ಶಿಕ್ಷಕಿ ಪ್ರಾಮಾಣಿಕಳಾಗಿದ್ದಳು, ಉಸಿರಿನ ಅಭ್ಯಾಸದಿಂದ ರಾತ್ರಿಯ ನಿದ್ರೆ ತುಸು ಸುಧಾರಿಸಿತು ಎಂದೂ ಹೇಳಿದಳು. ಆದರೆ ಆ ತರಬೇತಿ ಇಟ್ಟುಕೊಂಡದ್ದು ಭಾನುವಾರ. ಅದು ಮುಗಿದ ದಿನ ರಾತ್ರಿ ಹನ್ನೊಂದು ಗಂಟೆಗೆ ಮೇಲಧಿಕಾರಿಯ ದೂರವಾಣಿ ಬಂದಿತು. ಮರುದಿನ ಬೆಳಗಿನೊಳಗೆ ಮುಗಿಯಬೇಕಾದ ಕೆಲಸವೊಂದು ಇತ್ತು. ‘ಸಿಟ್ಟು ಬಂದಿದೆ ಎಂದು ಗುರುತಿಸಿಕೊಂಡೆ ಅಜ್ಜಾ, ಕೆಲಸ ಮಾತ್ರ ಮೂರು ಗಂಟೆಗೆ ಮುಗೀತು’ ಎಂದು ಅವಳು ನಕ್ಕಳು.

ಅಜ್ಜನಿಗೆ ಆ ನಗೆ ಹಿಡಿಸಲಿಲ್ಲ. ಅವರು ಅಂಗಡಿಗೆ ಬಂದು ಚೀಲ ಇಳಿಸುತ್ತಿದ್ದ ಹಮಾಲನನ್ನು ಕರೆದು, ಚೀಲ ಹೊತ್ತು ನಡೆಯುವಾಗ ಉಸಿರಿನ ಮೇಲೆ ಗಮನವಿಟ್ಟರೆ ಆಯಾಸ ಕಡಿಮೆಯಾಗುತ್ತದಂತೆ, ನೀನೂ ಮಾಡಿ ನೋಡು ಎಂದು ಅರ್ಧ ವಿನೋದಕ್ಕೆ, ಅರ್ಧ ಪರೀಕ್ಷೆಗೆ ಹೇಳಿದರು. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಉತ್ತರಿಸಿದ: ‘ಚೀಲ ಮ್ಯಾಲ ಇದ್ದಾಗ ಉಸಿರು ಎಲ್ಲಿ ಕಾಣತೈತ್ರಿ ಧಣ್ಯಾರ? ಇಳಿಸಿದ ಮ್ಯಾಲ ತಾನ ಕಾಣತೈತಿ.’

ಆ ಮಾತಿನಲ್ಲಿ ಶಾಸ್ತ್ರದ ತಿರುಳಿದೆ. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ಹೇಳಿದ ಅತಿಚಾರಗಳೂ ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅತಿಭಾರ ಹೇರುವುದು, ಅನ್ನ-ನೀರನ್ನು ತಡೆಯುವುದು. ಮೊದಲ ಮೂರನ್ನು ಇಂದಿನ ಶ್ರಾವಕನು ಮಾಡುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಕೊನೆಯ ಎರಡನ್ನು ಕುರಿತು ಅಷ್ಟೇ ಧೈರ್ಯದಿಂದ ಹೇಳುವುದು ಕಷ್ಟ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಅತಿಭಾರವನ್ನು ನ್ಯಾಯದ ಅಳತೆಯಿಂದ ವಿವರಿಸಿದ್ದಾರೆ. ಹೊರುವವನು ಬೀಳಲಿಲ್ಲ ಎಂಬುದು ಅವರಿಗೆ ಸಾಲದು. ಹೊರಿಸಿದ ಭಾರ ನ್ಯಾಯವಾದದ್ದೇ ಎಂಬುದು ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರು ಅತಿಭಾರವನ್ನು ಎರಡು ಕಡೆ ಹೆಸರಿಸುತ್ತಾರೆ. ಅಹಿಂಸಾವ್ರತದ ಅತಿಚಾರಗಳಲ್ಲಿ ಒಮ್ಮೆ, ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಮತ್ತೊಮ್ಮೆ. ಎರಡನೆಯ ಪಟ್ಟಿಯಲ್ಲಿ ಅತಿಯಾಗಿ ಓಡಿಸುವುದು, ಅತಿಯಾಗಿ ಕೂಡಿಡುವುದು, ಲೋಭ ಇವುಗಳ ಸಾಲಿನಲ್ಲಿಯೇ ಅತಿಯಾಗಿ ಹೊರಿಸುವುದು ನಿಂತಿದೆ. ಸರಕಿನ ಮೇಲಿನ ಆಸೆಗೆ ಮಿತಿ ಹಾಕಿಕೊಂಡವನು ಎತ್ತಿನ ಬೆನ್ನಿನ ಮೇಲೆ ಆ ಮಿತಿಯನ್ನು ಮೀರಬಹುದೆಂಬುದನ್ನು ಆಚಾರ್ಯರು ಆಗಲೇ ಕಂಡಿದ್ದರು.

ಗೋಕಾಕ, ಹುಕ್ಕೇರಿ, ಮೂಡಲಗಿಯ ರೈತ-ವರ್ತಕ ಕುಟುಂಬಗಳಿಗೆ ಇದು ಪುಸ್ತಕದ ಮಾತಲ್ಲ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ದಾರಿ ಹಿಡಿದ ಗಾಡಿಗಳನ್ನು ಕಂಡವರು ಅತಿಭಾರವೆಂದರೇನೆಂಬುದನ್ನು ಕಣ್ಣಾರೆ ಕಂಡಿದ್ದಾರೆ. ಏರಿನಲ್ಲಿ ಎತ್ತು ಮಂಡಿಯೂರಿದಾಗ ಯಾವ ಶ್ರಾವಕನೂ ಅದಕ್ಕೆ ಧ್ಯಾನವನ್ನು ಕಲಿಸಹೋಗುವುದಿಲ್ಲ. ಗಾಡಿಯ ಮೇಲಿನ ಕಬ್ಬನ್ನು ಇಳಿಸುತ್ತಾನೆ. ಕಾನೂನೂ ಅದನ್ನೇ ಹೇಳುತ್ತದೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ರಚಿತವಾದ ನಿಯಮಗಳ ಪ್ರಕಾರ ಅವುಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಕೊಡದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ತಾಪಮಾನ 37 ಡಿಗ್ರಿ ಮೀರುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಕಟ್ಟಬಾರದು.

ಮನುಷ್ಯನಿಗೆ ಇದೇ ಅಳತೆ ದೊರೆಯಲು ಬಹಳ ಕಾಲ ಹಿಡಿಯಿತು. ಘಟಪ್ರಭೆಯು ಸುಮಾರು 170 ಅಡಿ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ಬಳಿ ನೀರಿನ ಬಲವನ್ನು ನೆಚ್ಚಿ ನೂಲಿನ ಗಿರಣಿ ತಲೆಯೆತ್ತಿದ್ದು 19ನೆಯ ಶತಮಾನದ ಎಂಬತ್ತರ ದಶಕದಲ್ಲಿ. ಆ ಕಾಲದಲ್ಲಿ ಬ್ರಿಟಿಷ್ ಭಾರತದ ಗಿರಣಿಗಳಲ್ಲಿ ದುಡಿಯುವ ವಯಸ್ಕ ಗಂಡಸಿನ ಗಂಟೆಗಳಿಗೆ ಕಾನೂನಿನ ಮಿತಿಯೇ ಇರಲಿಲ್ಲ. 1911ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆಯ ಮಿತಿ ಹಾಕಿತು, 1922ರಲ್ಲಿ ಅದು 11 ಆಯಿತು, 1934ರಲ್ಲಿ 10, ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯ ವಿರಾಮ ಕೊಡಲೇಬೇಕೆಂದೂ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದೂ ಅದು ವಿಧಿಸಿತು. ಒಂಬತ್ತು ಗಂಟೆ, ಐದು ಗಂಟೆ: ಎತ್ತಿಗೂ ಆಳಿಗೂ ಒಂದೇ ಅಂಕಿಗಳು ಎಂಬುದು ಓದುಗರ ಗಮನಕ್ಕೆ ಬಂದೀತು.

ಆ ಅಂಕಿಗಳು ಈಗ ಮತ್ತೆ ಅಲುಗಾಡುತ್ತಿವೆ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿಯನ್ನು 48 ಗಂಟೆಯಲ್ಲಿಯೇ ಇರಿಸಿ, ದಿನಕ್ಕೆ 12 ಗಂಟೆಯವರೆಗೆ ಕೆಲಸಕ್ಕೆ ದಾರಿ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಾಂತ ಉದ್ಯಮಿ ಎನ್. ಆರ್. ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ ಮಾತು ಮನೆಮನೆಯ ಚರ್ಚೆಯಾಯಿತು. 2024ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಬೇಕೆಂಬ ಪ್ರಸ್ತಾವ ಕರ್ನಾಟಕದಲ್ಲಿ ಕೇಳಿಬಂದಿತು. ನೌಕರರ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1948ರ ಕಾಯ್ದೆಯ ಸ್ಥಾನವನ್ನು ಹೊಸ ಸಂಹಿತೆ ಪಡೆದುಕೊಂಡಿತು. ಕಾನೂನು ಕಾಲಕ್ಕೆ ತಕ್ಕಂತೆ ಬದಲಾಗುವುದು ಲೋಕರೂಢಿ. ಆದರೆ ಕಾನೂನಿನ ಮಿತಿ ಹಿಗ್ಗಿತೆಂದು ವ್ರತದ ಮಿತಿಯೂ ಹಿಗ್ಗಿತೆಂದು ಶ್ರಾವಕನು ತಿಳಿಯಲಾಗದು. ಮನುಷ್ಯನ ಹೃದಯವಂತೂ ಯಾವ ತಿದ್ದುಪಡಿಯನ್ನೂ ಓದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ದೀರ್ಘ ಗಂಟೆಗಳ ದುಡಿಮೆಯಿಂದ 2016ರಲ್ಲಿ ಜಗತ್ತಿನಾದ್ಯಂತ 7,45,000 ಜನರು ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಮೃತರಾದರು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು.

ಹೀಗಿರುವಾಗ ಉಸಿರಿನ ಅಭ್ಯಾಸ ನಿಷ್ಪ್ರಯೋಜಕವೆಂದು ಹೇಳಬಹುದೇ? ಹಾಗೆ ಹೇಳುವುದು ಅನ್ಯಾಯವಾಗುತ್ತದೆ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯು 47 ಪ್ರಯೋಗಗಳನ್ನು, 3,515 ಜನರ ಅನುಭವವನ್ನು ತೂಗಿ ನೋಡಿ, ಅವಧಾನದ ಧ್ಯಾನದಿಂದ ಆತಂಕ, ಖಿನ್ನತೆ ಮತ್ತು ನೋವುಗಳಲ್ಲಿ ಸಾಧಾರಣ ಪ್ರಮಾಣದ ಉಪಶಮನ ಉಂಟೆಂದು ಕಂಡುಕೊಂಡಿತು. ಆ ಮೊಮ್ಮಗಳ ನಿದ್ರೆ ಸುಧಾರಿಸಿದ್ದು ಸುಳ್ಳಲ್ಲ. ಆದರೆ ಸಂಸ್ಥೆಗಳ ಮಟ್ಟದಲ್ಲಿ ಲೆಕ್ಕ ಹಾಕಿದಾಗ ಚಿತ್ರ ಬೇರೆಯಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಅವರು 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿದರು. ಧ್ಯಾನ, ಸಹನಶಕ್ತಿಯ ತರಬೇತಿ, ಮೊಬೈಲ್ ಆ್ಯಪ್ ಮುಂತಾದವುಗಳಲ್ಲಿ ಭಾಗವಹಿಸಿದವರು ಭಾಗವಹಿಸದ ಸಹೋದ್ಯೋಗಿಗಳಿಗಿಂತ ಹೆಚ್ಚು ನೆಮ್ಮದಿಯಾಗಿರುವುದು ಕಾಣಲಿಲ್ಲ. ಒಂದೇ ಕಾಲದ ಉತ್ತರಗಳನ್ನು ಹೋಲಿಸಿದ ಅಧ್ಯಯನವಾದ್ದರಿಂದ ಅದಕ್ಕೆ ಅದರದೇ ಮಿತಿಯಿದೆ. ಆದರೂ ಅದರಲ್ಲಿ ಕಂಡ ಒಂದು ಅಪವಾದ ಚಿಂತನಾರ್ಹವಾಗಿದೆ: ಪರೋಪಕಾರದ ಕೆಲಸದಲ್ಲಿ ತೊಡಗಿದ ನೌಕರರು ಮಾತ್ರ ಉಳಿದವರಿಗಿಂತ ಒಳ್ಳೆಯ ಸ್ಥಿತಿಯಲ್ಲಿದ್ದರು. ಗಮನವು ಹೊರಗಿನ ಜೀವದ ಕಡೆಗೆ ತಿರುಗಬೇಕೆಂಬ ಸಮಿತಿಗಳ ಮರ್ಮಕ್ಕೆ ಇದು ಹತ್ತಿರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ವ್ಯಕ್ತಿಗೆ ಕೊಡುವ ತರಬೇತಿಯ ಜೊತೆಗೆ ಕೆಲಸದ ಪರಿಸ್ಥಿತಿಯನ್ನೇ ಸರಿಪಡಿಸಬೇಕೆಂದು, ಮೇಲ್ವಿಚಾರಕರಿಗೂ ಶಿಕ್ಷಣ ಕೊಡಬೇಕೆಂದು ಹೇಳಿದೆ.

ಈ ವಿಷಯದಲ್ಲಿ ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯ ಕಥೆಯಷ್ಟು ದೊಡ್ಡ ದೃಷ್ಟಾಂತ ಇನ್ನೊಂದಿಲ್ಲ. ವಿಂಧ್ಯಗಿರಿಯ ಮೇಲಿನ 58 ಅಡಿಯ ಮೂರ್ತಿಯು ಕಾಯೋತ್ಸರ್ಗದ ಪರಾಕಾಷ್ಠೆಯನ್ನು ಕಲ್ಲಿನಲ್ಲಿ ತೋರಿಸುತ್ತದೆ. ಕಾಲ ಬಳಿ ಹುತ್ತ ಬೆಳೆದಿದೆ, ತೋಳಿಗೆ ಬಳ್ಳಿ ಸುತ್ತಿದೆ. ಒಂದು ವರ್ಷದ ನಿಶ್ಚಲತೆ ಅದು. ಅದಕ್ಕಿಂತ ಮಿಗಿಲಾದ ಅವಧಾನವನ್ನು ಯಾವ ಶಿಬಿರವೂ ಕಲಿಸಲಾರದು. ಆದರೂ ಅಷ್ಟು ನಿಂತ ಮೇಲೆಯೂ ಕೇವಲಜ್ಞಾನ ತಡೆಯಿತು. ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ, ತನ್ನಿಂದಾಗಿ ಅಣ್ಣ ಭರತನಿಗೆ ಕ್ಲೇಶವಾಯಿತೆಂಬ ಒಂದು ಸೂಕ್ಷ್ಮ ಭಾವ ಅವನ ಎದೆಯಲ್ಲಿ ಉಳಿದಿತ್ತು. ಚಕ್ರವರ್ತಿಯಾದ ಭರತನೇ ಬಂದು ತಮ್ಮನನ್ನು ಪೂಜಿಸಿದಾಗ ಆ ಶಲ್ಯ ಕಳಚಿ ಜ್ಞಾನ ಪ್ರಕಟವಾಯಿತು. ಇಬ್ಬರ ನಡುವೆ ನೆಟ್ಟ ಮುಳ್ಳನ್ನು ಒಬ್ಬನ ಧ್ಯಾನದಿಂದ ಮಾತ್ರ ಕೀಳಲಾಗಲಿಲ್ಲ; ಅಧಿಕಾರವುಳ್ಳವನು ತಾನಾಗಿ ನಡೆದು ಬರಬೇಕಾಯಿತು. ಧಣಿ-ಆಳುಗಳ ನಡುವಿನ ಮುಳ್ಳಿಗೂ ಈ ಮಾತು ಅನ್ವಯಿಸುತ್ತದೆ.

ಇದನ್ನು ಕೇವಲ ದೊಡ್ಡ ಕಂಪನಿಗಳಿಗೆ ಹೇಳಿ ಸುಮ್ಮನಾಗುವುದು ಸುಲಭ. ಬಸದಿಗಳ ಟ್ರಸ್ಟುಗಳೂ ನೌಕರಿ ಕೊಡುವ ಸಂಸ್ಥೆಗಳೇ ಆಗಿವೆ. ಪೂಜೆಯ ಉಪಾಧ್ಯೆ, ಕಾವಲುಗಾರ, ಕಸ ಗುಡಿಸುವ ಹೆಂಗಸು, ಉತ್ಸವದ ಅಡುಗೆಯವರು ಇವರೆಲ್ಲರ ದುಡಿಮೆಯ ಮೇಲೆ ಸಮಾಜದ ಧರ್ಮಪ್ರಭಾವನೆ ನಿಂತಿದೆ. ಪಂಚಕಲ್ಯಾಣ ಮಹೋತ್ಸವದ ದಿನಗಳಲ್ಲಿ ಸಾವಿರ ಜನ ಸೂರ್ಯಾಸ್ತದೊಳಗೆ ಉಂಡು ಏಳುತ್ತಾರೆ. ಅವರ ಊಟದ ಹೊತ್ತನ್ನು ಕಾಯಲೆಂದು ಒಲೆಯ ಮುಂದೆ ನಿಂತ ಅಡುಗೆಯವನು ತಾನು ಎಷ್ಟು ಹೊತ್ತಿಗೆ ಉಂಡನೆಂಬುದನ್ನು ಕೇಳಿದವರು ಕಡಿಮೆ. ಅನ್ನ-ನೀರನ್ನು ತಡೆಯುವುದೆಂಬ ಅತಿಚಾರವು ಅನ್ನದಾನದ ಮನೆಯಲ್ಲಿಯೇ, ಯಾರಿಗೂ ತಿಳಿಯದಂತೆ, ನಡೆದುಹೋಗುವುದುಂಟು. ಸಂಬಳವನ್ನು ತಿಂಗಳುಗಟ್ಟಲೆ ತಡೆಯುವುದೂ ಅದರ ಇನ್ನೊಂದು ರೂಪವೇ.

ಸಮ್ಮೇದ ಶಿಖರ್ಜಿಯ ಯಾತ್ರೆಯಲ್ಲಿ ಏರುವುದು, ಟೋಂಕುಗಳ ವಂದನೆ, ಇಳಿಯುವುದು ಸೇರಿ ಸುಮಾರು 27 ಕಿಲೋಮೀಟರ್ ದಾರಿ. ನಡೆಯಲಾರದ ವೃದ್ಧರಿಗೆ, ರೋಗಿಗಳಿಗೆ ಡೋಲಿ ಅನಿವಾರ್ಯ. ಹೊರುವವರಿಗೂ ಅದು ಜೀವನೋಪಾಯ. ಅದನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಡೋಲಿಯಲ್ಲಿ ಕುಳಿತ ಯಾತ್ರಿಕನ ಗಮನ ಪೂರ್ತಿಯಾಗಿ ಕೈಯಲ್ಲಿನ ಜಪಮಾಲೆಯ ಮೇಲಿದ್ದು, ಕೆಳಗಿನ ಹೆಗಲುಗಳು ಎಲ್ಲಿ ಬಾಡಿದವು, ಎಲ್ಲಿ ನೀರು ಬೇಡಿದವು ಎಂಬುದರ ಕಡೆಗೆ ಹೊರಳದಿದ್ದರೆ, ಆ ಜಪವನ್ನು ಅವಧಾನವೆನ್ನುವುದೋ ಪ್ರಮಾದವೆನ್ನುವುದೋ ಯೋಚಿಸಬೇಕಾಗುತ್ತದೆ.

ಹಾಗಾದರೆ ಅಂಗಡಿ, ಗಿರಣಿ, ಟ್ರಸ್ಟುಗಳನ್ನು ನಡೆಸುವ ಶ್ರಾವಕನು ಏನು ಮಾಡಬಹುದು? ನೌಕರರಿಗೆ ಧ್ಯಾನದ ತರಬೇತಿ ಕೊಡಿಸುವುದಾದರೆ ಕೊಡಿಸಲಿ, ಆದರೆ ಊ ಬಾ ಖಿನ್ ಅವರಂತೆ ತಾನು ಮೊದಲು ಕುಳಿತುಕೊಳ್ಳಲಿ. ಅದನ್ನು ಕೆಲಸದ ವೇಳೆಯಲ್ಲಿಯೇ ಇಡಲಿ. ನೌಕರನ ವಾರದ ರಜೆಯನ್ನು ಕಸಿದು ಶಾಂತಿಯನ್ನು ಕಲಿಸುವುದು ವಿಚಿತ್ರವಾದೀತು. ಇಷ್ಟವಿಲ್ಲದವನಿಗೆ ಬಲವಂತ ಬೇಡ, ಬೇರೆ ಮತದವನಿಗೆ ಸಂಕೋಚವಾಗುವಂಥ ಕ್ರಮಗಳೂ ಬೇಡ. ಮನಸ್ಸು ನಿಜವಾಗಿ ಕಾಯಿಲೆಗೆ ಬಿದ್ದವನಿಗೆ ಹತ್ತು ನಿಮಿಷದ ಉಸಿರಿನ ಪಾಠ ಸಾಲದು. ಅವನನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಇಂಥವರಿಗಾಗಿಯೇ ಇದೆ.

ಇದಕ್ಕೂ ಮುಂಚೆ ಭಾರದ ಲೆಕ್ಕವಾಗಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಗಂಡಸು ಒಬ್ಬನೇ ಕೈಯಿಂದ ಸಾಗಿಸುವ ಗರಿಷ್ಠ ತೂಕವನ್ನು 55 ಕಿಲೋ ಎಂದು ಸೂಚಿಸಿತು. ಕ್ವಿಂಟಾಲ್ ಚೀಲವನ್ನು ಒಬ್ಬನೇ ಹೊತ್ತದ್ದನ್ನು ಹೆಮ್ಮೆಯಿಂದ ನೆನೆಯುವ ಪೇಟೆಗಳಲ್ಲಿ ಇದು ವಿಚಿತ್ರವಾಗಿ ಕೇಳಿಸಬಹುದು. ಆ ಹೆಮ್ಮೆಯನ್ನು ಪಟ್ಟವರ ಬೆನ್ನು ಅರವತ್ತರಲ್ಲಿ ಹೇಗಿತ್ತೆಂಬುದನ್ನೂ ಅದೇ ಪೇಟೆಗಳು ಕಂಡಿವೆ. ವಾಣಿಜ್ಯಶಾಸ್ತ್ರದಲ್ಲಿ ಯಂತ್ರದ ಸವಕಳಿಗೆ ಒಂದು ಖಾತೆಯಿದೆ. ವರ್ಷಕ್ಕಿಷ್ಟು ಎಂದು ಬರೆದು, ಅದು ಮುರಿಯುವ ಹೊತ್ತಿಗೆ ಹೊಸದಕ್ಕೆ ಹಣವನ್ನು ತೆಗೆದಿಡುವುದುಂಟು. ಅದನ್ನು ನಡೆಸುವ ಮನುಷ್ಯನ ಸವಕಳಿಯನ್ನು ಯಾವ ಲೆಕ್ಕಪರಿಶೋಧಕನೂ ಕೇಳುವುದಿಲ್ಲ. ವ್ರತಧಾರಿಯಾದವನು ಮಾತ್ರ ತನ್ನನ್ನು ತಾನೇ ಕೇಳಿಕೊಳ್ಳಬಲ್ಲ.

ವೀರನಿರ್ವಾಣದ ದೀಪಾವಳಿಯಂದು ವರ್ತಕರ ಮನೆಗಳಲ್ಲಿ ಹೊಸ ಖಾತೆಪುಸ್ತಕಕ್ಕೆ ಪೂಜೆಯಾಗುತ್ತದೆ. ಆ ಪುಸ್ತಕದ ಕೊನೆಯಲ್ಲಿ ಒಂದು ಹಾಳೆಯನ್ನು ಬಿಟ್ಟಿಡುವುದು ಕಷ್ಟದ ಕೆಲಸವಲ್ಲ. ಅದರಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರು, ದಿನದ ಗಂಟೆಗಳು, ಊಟದ ಹೊತ್ತು, ವಾರದ ರಜೆ, ಹೊರುವ ಭಾರ, ಸಂಬಳ ಮುಟ್ಟಿದ ದಿನಾಂಕ ಇಷ್ಟನ್ನು ಬರೆಯಲಿ. ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಸಂಜೆ ಆ ಹಾಳೆಯನ್ನು ಒಮ್ಮೆ ಓದಿಕೊಳ್ಳಲಿ. ಬರೆದ ಅಂಕಿ ತಪ್ಪಿದ್ದರೆ ಅದನ್ನು ಬದಿಯಲ್ಲಿಯೇ ತಿಳಿಸಲು ಆ ಹೆಸರಿನವರಿಗೂ ಹಾಳೆಯನ್ನು ತೋರಿಸಲಿ.